ರಿವರ್ಬ್ ಪ್ಲಗಿನ್ ಒಂದನ್ನು ಡೆಬಿಯನ್‌ಗೆ ಪ್ಯಾಕೇಜ್ ಮಾಡಿದ ಲಾಗ್

ಇದು ಎಲ್‌ವಿ2 ಅನ್ನುವ ಆಡಿಯೋ ಪ್ಲಗಿನ್ ಮಾದರಿಯ ಒಂದು ರಿವರ್ಬ್, ಅಂದರೆ ಸದ್ದಿಗೆ ಸಭಾಂಗಣದಂಥ ಅನುರಣನ ಸೇರಿಸುವ ಪ್ಲಗಿನ್. ಇದನ್ನು ಡೆಬಿಯನ್ ಲಿನಕ್ಸ್ ಬಳಸುವವರು ಸುಲಭವಾಗಿ ಇನ್‌ಸ್ಟಾಲ್ ಮಾಡುವ ಪ್ಯಾಕೇಜಾಗಿ ಕಟ್ಟಿದ ಕಥೆ ಇಲ್ಲಿದೆ. ಆರ್ಡರ್, ಕಾರ್ಲಾ, ಕ್ಯೂಟ್ರ್ಯಾಕ್ಟರ್‌ನಂಥ ಹೋಸ್ಟ್‌ಗಳಲ್ಲಿ, ಅಂದರೆ ಪ್ಲಗಿನ್‌ಗಳನ್ನು ತಮ್ಮೊಳಗೆ ತೆರೆಯುವ ಆಡಿಯೋ ಪ್ರೋಗ್ರಾಂಗಳಲ್ಲಿ, ಓಡುತ್ತದೆ. ಸದ್ದು ಮಾಡುವ ಭಾಗ ಫೌಸ್ಟ್ ಭಾಷೆಯಲ್ಲಿದೆ. ಹೊರಗಿನ ಹೊದಿಕೆ, ತಿರುಗಿಸುವ ಗುಬ್ಬಿಗಳಿರುವ ವಿಂಡೋ ಎಲ್ಲ ಡಿಪಿಎಫ್ ಅನ್ನುವ ಫ್ರೇಮ್‌ವರ್ಕ್‌ನಿಂದ ಬಂದದ್ದು. ಹೋಸ್ಟ್ ಬೇಡ, ಪ್ರೋಗ್ರಾಂಗಳ ನಡುವೆ ಸದ್ದು ಸಾಗಿಸುವ ಜ್ಯಾಕ್ ಸರ್ವರ್‌ಗೇ ನೇರ ಸೇರಿಸುತ್ತೇನೆ ಅನ್ನುವವರಿಗೆ ಒಂದು ಬಿಡಿ ಪ್ರೋಗ್ರಾಂ ಕೂಡ ಜೊತೆಗೇ ಬಿಲ್ಡ್ ಆಗುತ್ತದೆ. ಲೈಸೆನ್ಸು ಜಿಪಿಎಲ್ 3. ಬರೆದವರು ಒಬ್ಬರೇ, ಬಿಡುವಿನಲ್ಲಿ ಬರೆದದ್ದು.

ಕೋಡನ್ನು ಕ್ಲೋನ್ ಮಾಡಿ (ಇಳಿಸಿಕೊಂಡು) ‘ಮೇಕ್’ ಹೊಡೆದರೆ ಬಿಲ್ಡ್ ಆಗುತ್ತದೆ, ಅಂದರೆ ಓಡುವ ಪ್ಲಗಿನ್ ತಯಾರಾಗುತ್ತದೆ. ಹೋಸ್ಟ್‌ನಲ್ಲಿ ತೆರೆದರೆ ತುಂಬ ಚೆನ್ನಾಗಿ ಕೇಳಿಸುತ್ತದೆ. ಇನ್ನೇನು, ಪ್ಯಾಕೇಜಿನ ವಿವರಗಳಿರುವ ಡೆಬಿಯನ್ ಫೋಲ್ಡರ್ ಒಂದು ಇಟ್ಟರೆ ಪ್ಯಾಕೇಜು ರೆಡಿ, ಅಲ್ವಾ? ಹಾಗಾಗುವುದಿಲ್ಲ. ನಾವು ಮೇಕ್ ಹೊಡೆದಾಗ ಸಿಗುವುದು ನಮ್ಮ ಯಂತ್ರಕ್ಕೆ ಹೊಂದುವ ಪ್ಲಗಿನ್. ಪ್ಯಾಕೇಜು ಬಿಲ್ಡ್ ಆಗುವುದು ನೆಟ್‌ವರ್ಕ್ ಇಲ್ಲದ ಯಾವುದೋ ಸರ್ವರ್‌ನಲ್ಲಿ. ಓಡುವುದು ಇನ್ಯಾರದೋ ಹಳೆಯ ಲ್ಯಾಪ್‌ಟಾಪ್‌ನಲ್ಲಿ. ಬರೆದವರ ಯಂತ್ರದ ಬಗ್ಗೆ ಕೋಡಿನಲ್ಲಿ ಸೇರಿಹೋಗಿರುವ ಊಹೆಗಳನ್ನು ಒಂದೊಂದಾಗಿ ಕೀಳಬೇಕು. ಈ ಲಾಗಿನ ಮುಕ್ಕಾಲು ಪಾಲು ಅದೇ ಕೆಲಸ.

ಟಾರ್‌ಬಾಲ್

ಗಿಟ್‌ಹಬ್ ತಾನಾಗಿ ತಯಾರಿಸುವ ಟಾರ್‌ಬಾಲ್ (ಇಡೀ ಕೋಡಿನ ಗಂಟು) ಇಳಿಸಿ ಬಿಚ್ಚಿದೆ. ಡಿಪಿಎಫ್ ಫೋಲ್ಡರ್ ಖಾಲಿ. ಡಿಪಿಎಫ್ ಅನ್ನು ಗಿಟ್ ಸಬ್‌ಮಾಡ್ಯೂಲ್ ಆಗಿ, ಅಂದರೆ ಬೇರೆ ರೆಪೊಗೆ ಬರೀ ಒಂದು ಕೊಂಡಿಯಾಗಿ, ಸೇರಿಸಿದ್ದಾರೆ. ಹೀಗೆ ತಾನಾಗಿ ಆಗುವ ಟಾರ್‌ಬಾಲ್‌ಗಳಲ್ಲಿ ಸಬ್‌ಮಾಡ್ಯೂಲ್ ಬರುವುದಿಲ್ಲ. ಹೇಗೆ ಬಿಲ್ಡ್ ಮಾಡಬೇಕು ಅಂತ ‘ಮೇಕ್’ಗೆ ಹೇಳುವ ಈ ಮೇಕ್‌ಫೈಲ್ ಬೇರೆ ಜಾಣ. ಫೋಲ್ಡರ್ ಖಾಲಿ ಕಂಡರೆ ತಾನೇ ಗಿಟ್ ಓಡಿಸಿ ತರಿಸಿಕೊಳ್ಳುತ್ತದೆ. ಹಾಗಾಗಿ ಬರೆದವರಿಗೆ ಈ ತೊಂದರೆ ಕಣ್ಣಿಗೇ ಬಿದ್ದಿಲ್ಲ. ಡೆಬಿಯನ್‌ನಲ್ಲಿ ಬಿಲ್ಡ್ ನಡೆಯುವಾಗ ನೆಟ್‌ವರ್ಕ್ ಮುಟ್ಟಬಾರದು ಅಂತ ನಿಯಮವೇ ಇದೆ. ಸಿಮೇಕ್ ಅನ್ನುವ ಬಿಲ್ಡ್ ಸಾಧನ ಬಳಸುವ ಎಷ್ಟೋ ಪ್ರಾಜೆಕ್ಟುಗಳು ನೆಟ್‌ನಿಂದ ಕೋಡು ತರುವ ‘ಫೆಚ್‌ಕಂಟೆಂಟ್’ ಇಟ್ಟುಕೊಂಡು ಇಲ್ಲೇ ಎಡವುತ್ತವೆ.

ದಾರಿ ಎರಡು. ಎಲ್ಲವೂ ಸೇರಿದ ಟಾರ್‌ಬಾಲ್ ಬಿಡುಗಡೆ ಮಾಡಿ ಅಂತ ಬರೆದವರನ್ನು ಕೇಳಬಹುದು. ಇಲ್ಲವೇ ‘3.0 ಕ್ವಿಲ್ಟ್’ ಸೋರ್ಸ್ ಫಾರ್ಮ್ಯಾಟ್‌ನಲ್ಲಿ ಇರುವ ಅನುಕೂಲ ಬಳಸಿ, ಡಿಪಿಎಫ್ ಅನ್ನು ಎರಡನೇ ಟಾರ್‌ಬಾಲ್ ಆಗಿ ಜೋಡಿಸಬಹುದು. ನಾನು ಕೇಳುವುದನ್ನೂ ಕೇಳಿದೆ, ಅಲ್ಲಿಯವರೆಗೆ ಅಂತ ಎರಡನೆಯದನ್ನೂ ಮಾಡಿದೆ. ಡಿಪಿಎಫ್‌ನ ಯಾವ ಕಮಿಟ್‌ಗೆ (ಗಿಟ್‌ನಲ್ಲಿ ಉಳಿಸಿಟ್ಟ ಸ್ಥಿತಿಗೆ) ಪ್ಲಗಿನ್ ಅಂಟಿಕೊಂಡಿದೆಯೋ ಅದೇ ಕಮಿಟ್ ಬೇಕು. ಹೊಸದು ಇದೆಯಲ್ಲ ಅಂತ ಸುಮ್ನೆ ಹೊಸದನ್ನು ಹಾಕಿದರೆ ವಿಂಡೋ ಭಾಗ ಕಂಪೈಲ್ ಆಗದೇ ಹೋಗಬಹುದು.

ಟಾರ್‌ಬಾಲ್‌ನಲ್ಲಿ ಬೇಡದ್ದೂ ಇತ್ತು. ವಿಂಡೋಸ್‌ಗೆ ಬಿಲ್ಡ್ ಮಾಡಿಟ್ಟ ಡಿಎಲ್‌ಎಲ್, ಮ್ಯಾಕ್‌ಗೆ ಒಂದು ಬಂಡಲ್. ಕೋಡಿಲ್ಲದ ಬೈನರಿಗಳಿಗೆ ಡೆಬಿಯನ್ ಸೋರ್ಸ್ ಪ್ಯಾಕೇಜಿನಲ್ಲಿ ಜಾಗವಿಲ್ಲ. ಕಾಪಿರೈಟ್ ಫೈಲಿನಲ್ಲಿ ‘ಫೈಲ್ಸ್-ಎಕ್ಸ್‌ಕ್ಲೂಡೆಡ್’ ಅನ್ನುವ ಸಾಲು ಬರೆದರೆ ಸಾಕು. ‘ಯುಸ್ಕ್ಯಾನ್’ ಹೊಸ ಆವೃತ್ತಿ ತರುವಾಗಲೇ ಅವನ್ನು ಕಿತ್ತು ಟಾರ್‌ಬಾಲ್ ಮತ್ತೆ ಕಟ್ಟುತ್ತದೆ. ಆಗ ಆವೃತ್ತಿಯ ಹೆಸರಿಗೆ ಒಂದು ಬಾಲಂಗೋಚಿ ಬರುತ್ತದೆ. ಬೇಡದ್ದನ್ನು ಮಾತ್ರ ತೆಗೆದಿದ್ದರೆ ‘ಡಿಎಸ್’, ಮುಕ್ತವಲ್ಲದ್ದನ್ನು ತೆಗೆದಿದ್ದರೆ ‘ಡಿಎಫ್‌ಎಸ್‌ಜಿ’. ನನ್ನದು ಎರಡನೆಯದಾಯಿತು. ಕಾರಣ ಮುಂದೆ ಇದೆ.

ಲೈಸೆನ್ಸು ಮತ್ತು ಹುಟ್ಟಿದ ಕೋಡು

ಪ್ಲಗಿನ್ ಕೋಡು ಜಿಪಿಎಲ್, ಡಿಪಿಎಫ್ ಐಎಸ್‌ಸಿ. ಅಲ್ಲಿಗೆ ತಕರಾರಿಲ್ಲ. ತಕರಾರು ಇದ್ದದ್ದು ಒಂದು ಚಿಕ್ಕ ಫೋಲ್ಡರಿನಲ್ಲಿ. ರಿವರ್ಬ್‌ನ ಮೊದಲ ಪ್ರತಿಫಲನಗಳಿಗೆ ಅಂತ ಕೆಲವು ವೇವ್ ಫೈಲುಗಳು ಅಲ್ಲಿದ್ದವು. ಯಾವುದೋ ಸಭಾಂಗಣದಲ್ಲಿ ರೆಕಾರ್ಡ್ ಮಾಡಿದವು. ಪಕ್ಕದ ರೀಡ್‌ಮಿಯಲ್ಲಿ ಕ್ರಿಯೇಟಿವ್ ಕಾಮನ್ಸ್, ವಾಣಿಜ್ಯ ಬಳಕೆಗೆ ಇಲ್ಲ ಅಂತ ಇತ್ತು. ಡೆಬಿಯನ್‌ನ ಮುಕ್ತ ಸಾಫ್ಟ್‌ವೇರ್ ಮಾರ್ಗಸೂಚಿ (ಅದೇ ಡಿಎಫ್‌ಎಸ್‌ಜಿ) ಬಂದದ್ದು 1997ರಲ್ಲಿ. ಯಾವ ಕೆಲಸಕ್ಕೆ ಬಳಸುತ್ತೀರಿ ಅನ್ನುವುದರ ಮೇಲೆ ನಿರ್ಬಂಧ ಇರಬಾರದು ಅಂತ ಅದು ಸ್ಪಷ್ಟವಾಗಿ ಹೇಳುತ್ತದೆ. ಸ್ಟುಡಿಯೋದಲ್ಲಿ ದುಡ್ಡಿಗೆ ಕೆಲಸ ಮಾಡುವವರು ಈ ರಿವರ್ಬ್ ಹಾಕಿದರೆ ಅದು ವಾಣಿಜ್ಯ ಬಳಕೆಯೇ ತಾನೆ.

ಆಡಿಯೋ ಸಾಫ್ಟ್‌ವೇರ್‌ನಲ್ಲಿ ಇದು ಪದೇ ಪದೇ ಬರುವ ತಲೆನೋವು. ಕೋಡಿನ ಲೈಸೆನ್ಸನ್ನು ಎಲ್ಲರೂ ಯೋಚಿಸಿ ಹಾಕುತ್ತಾರೆ. ಸ್ಯಾಂಪಲ್, ಡ್ರಮ್ ಕಿಟ್, ಜಾಗದ ಪ್ರತಿಧ್ವನಿ ಹಿಡಿದಿಟ್ಟ ಇಂಪಲ್ಸ್ ಫೈಲುಗಳ ವಿಷಯದಲ್ಲಿ ಎಲ್ಲಿಂದಲೋ ಸಿಕ್ಕಿತು, ಹಾಕಿದೆ ಅನ್ನುವ ಧೋರಣೆ. ಬರೆದವರಿಗೆ ಪತ್ರ ಹಾಕಿದೆ. ರೆಕಾರ್ಡಿಂಗ್ ತಮ್ಮದಲ್ಲ, ಲೈಸೆನ್ಸ್ ಬದಲಿಸುವ ಹಕ್ಕು ತಮಗಿಲ್ಲ ಅಂದರು. ಸರಿ, ಆ ಫೈಲುಗಳು ಹೊರಗೆ. ಅವಿಲ್ಲದೇ ಇದ್ದರೆ ಪ್ಲಗಿನ್ ಲೋಡ್ ಆಗುವುದನ್ನೇ ನಿಲ್ಲಿಸುತ್ತಿತ್ತು. ಫೈಲು ಸಿಗದಿದ್ದರೆ ಲೆಕ್ಕದಿಂದ ಹುಟ್ಟಿಸಿದ ಪ್ರತಿಫಲನ ಬಳಸು ಅಂತ ಒಂದು ಪ್ಯಾಚು (ಕೋಡಿನ ತಿದ್ದುಪಡಿ) ಬರೆದೆ. ಮುಂದಿನ ಆವೃತ್ತಿಯಲ್ಲಿ ಅವರು ಅದನ್ನೇ ಡೀಫಾಲ್ಟ್ ಮಾಡಿದ್ದಾರೆ.

ಇನ್ನೊಂದು ವಿಷಯ ಇದಕ್ಕಿಂತ ಸೂಕ್ಷ್ಮ. ಫೌಸ್ಟ್ ಅನ್ನುವುದು ಫ್ರಾನ್ಸ್‌ನ ಲಿಯಾನ್‌ನಲ್ಲಿರುವ ಗ್ರಾಮ್ ಸಂಸ್ಥೆ 2002ರಲ್ಲಿ ಶುರು ಮಾಡಿದ ಭಾಷೆ. ಸಿಗ್ನಲ್ ಹೇಗೆ ಹರಿಯಬೇಕು ಅಂತ ಕೆಲವೇ ಸಾಲಿನಲ್ಲಿ ಬರೆಯುತ್ತೀರಿ, ಕಂಪೈಲರ್ ಅದರಿಂದ ಉದ್ದನೆಯ ಸಿ++ ಕೋಡು ಹುಟ್ಟಿಸುತ್ತದೆ. ಈ ಪ್ರಾಜೆಕ್ಟಿನಲ್ಲಿ ಎರಡೂ ಇವೆ. ಆದರೆ ಮೇಕ್‌ಫೈಲ್ ಬಳಸುವುದು ಹುಟ್ಟಿದ ಸಿ++ ಅನ್ನು ಮಾತ್ರ. ಫೌಸ್ಟ್ ಫೈಲು ಸುಮ್ನೆ ಪಕ್ಕದಲ್ಲಿ ಕೂತಿದೆ.

ಏನು ತಪ್ಪು ಅನ್ನಿಸಬಹುದು. ಸಿ++ ಇದೆ, ಕಂಪೈಲ್ ಆಗುತ್ತದೆ. ಆದರೆ ಜಿಪಿಎಲ್ 3 ಪ್ರಕಾರ ಸೋರ್ಸ್ ಅಂದರೆ ತಿದ್ದಲು ಯಾವ ರೂಪ ಅನುಕೂಲವೋ ಆ ರೂಪ. ‘ಎಫ್‌ಟೆಂಪ್123’ ಅನ್ನುವಂಥ ಹೆಸರುಗಳ ಕಾಡನ್ನು ಯಾರೂ ಕೈಯಲ್ಲಿ ತಿದ್ದುವುದಿಲ್ಲ. ಮೇಲಾಗಿ, ಫೌಸ್ಟ್ ಫೈಲಿನಿಂದಲೇ ಆ ಸಿ++ ಬಂದಿದೆಯೇ ಅಂತ ಗೊತ್ತಾಗುವುದಾದರೂ ಹೇಗೆ? ಬಿಲ್ಡ್ ಮಾಡುವಾಗ ಪ್ರತಿ ಸಲ ಹೊಸದಾಗಿ ಹುಟ್ಟಿಸುವುದೊಂದೇ ದಾರಿ. ಡೆಬಿಯನ್‌ನಲ್ಲಿ ಫೌಸ್ಟ್ ಪ್ಯಾಕೇಜು ಇದ್ದೇ ಇದೆ. ಅದನ್ನು ಬಿಲ್ಡ್-ಡಿಪೆಂಡ್ಸ್‌ಗೆ (ಬಿಲ್ಡ್‌ಗೆ ಬೇಕಾದವುಗಳ ಪಟ್ಟಿಗೆ) ಸೇರಿಸಿ, ಬಿಲ್ಡ್ ಹಂತಗಳಿರುವ ರೂಲ್ಸ್ ಫೈಲಿನಲ್ಲಿ ಕಾನ್ಫಿಗರ್ ಹಂತಕ್ಕೂ ಮೊದಲು ಕೋಡು ಹುಟ್ಟಿಸುವ ಸಾಲು ಹಾಕಿದೆ. ಹಳೆಯ ಸಿ++ ಅನ್ನು ಬಿಲ್ಡ್‌ಗೆ ಮುಂಚೆಯೇ ಅಳಿಸುತ್ತೇನೆ, ಅಪ್ಪಿತಪ್ಪಿ ಅದೇ ಕಂಪೈಲ್ ಆಗಬಾರದು ಅಂತ.

ಬರೆದವರು ಬಳಸಿದ್ದು ಹಳೆಯ ಫೌಸ್ಟ್, ಡೆಬಿಯನ್‌ನಲ್ಲಿರುವುದು ಹೊಸದು. ಹುಟ್ಟಿದ ಕೋಡು ಸಾಲು ಸಾಲಿಗೂ ಬೇರೆ. ಸದ್ದು ಒಂದೇನಾ? ಒಂದೇ ಇನ್‌ಪುಟ್ ಅನ್ನು ಎರಡರಲ್ಲೂ ಹಾಯಿಸಿ, ಒಂದರ ಔಟ್‌ಪುಟ್ ಅನ್ನು ತಲೆಕೆಳಗು ಮಾಡಿ ಇನ್ನೊಂದಕ್ಕೆ ಕೂಡಿಸಿದೆ. ಉಳಿದದ್ದು -120 ಡೆಸಿಬೆಲ್‌ಗಿಂತ ಕೆಳಗೆ. ಲೆಕ್ಕದ ಕ್ರಮ ಬದಲಾದಾಗ ಬರುವ ಕೊನೆಯ ಬಿಟ್‌ಗಳ ಗದ್ದಲ ಅಷ್ಟೇ. ಕಿವಿಗೆ ಸಿಗುವ ಮಾತಲ್ಲ.

ಹುಟ್ಟಿದ ಕೋಡಿಗೆ ಫೌಸ್ಟ್ ಕಂಪೈಲರ್‌ನ ಲೈಸೆನ್ಸು ಅಂಟುವುದಿಲ್ಲ. ಆದರೆ ಒಳಗೆ ಸೇರಿದ ಲೈಬ್ರರಿ ಫಂಕ್ಷನ್‌ಗಳದ್ದು ಅಂಟುತ್ತದೆ. ಫೌಸ್ಟ್ ಲೈಬ್ರರಿಯಲ್ಲಿ ಒಂದೇ ಫೈಲಿನೊಳಗೆ ಒಂದೊಂದು ಫಂಕ್ಷನ್‌ಗೂ ಬೇರೆ ಬೇರೆ ಲೈಸೆನ್ಸು ಇರುವುದುಂಟು. ರಿವರ್ಬ್ ಫೈಲಿನಲ್ಲಿರುವ ‘ಜೀಟಾ ರೆವ್1’ಗೆ ಎಂಐಟಿ ಥರದ ಎಸ್‌ಟಿಕೆ ಲೈಸೆನ್ಸು. ಕಾಪಿರೈಟ್ ಫೈಲಿನಲ್ಲಿ ಇದನ್ನೆಲ್ಲ ಬಿಡಿಸಿ ಬರೆಯುವುದು ಬೇಸರದ ಕೆಲಸ. ಆದರೂ ಹೊಸ ಪ್ಯಾಕೇಜನ್ನು ಪರೀಕ್ಷಿಸುವವರು ಮೊದಲು ಓದುವ ಫೈಲೇ ಅದು.

ಕಂಪೈಲರ್ ಫ್ಲಾಗ್‌ಗಳು

ಮೇಕ್‌ಫೈಲ್‌ನ ಮೇಲ್ಗಡೆ ಕಂಪೈಲರ್‌ಗೆ ಸೂಚನೆ ಕೊಡುವ ಮೂರು ಫ್ಲಾಗ್‌ಗಳಿದ್ದವು: ‘ಓ3’, ‘ಮಾರ್ಚ್=ನೇಟಿವ್’, ‘ಫಾಸ್ಟ್-ಮ್ಯಾತ್’. ಆಡಿಯೋ ಪ್ಲಗಿನ್ ಬರೆಯುವವರ ಬಳಿ ಈ ಮೂರು ಕೈಗೆ ಹತ್ತಿದ ಅಭ್ಯಾಸ.

‘ನೇಟಿವ್’ ಕಿತ್ತುಹಾಕಲು ಯೋಚನೆಯೇ ಬೇಡ. ಬಿಲ್ಡ್ ಮಾಡುವ ಯಂತ್ರದ ಪ್ರೊಸೆಸರ್ ಏನೇನು ಬಲ್ಲದೋ ಅದೆಲ್ಲವನ್ನೂ ಬಳಸು ಅಂತ ಅದರ ಅರ್ಥ. ಬಿಲ್ಡ್ ಸರ್ವರ್‌ನಲ್ಲಿ ಎವಿಎಕ್ಸ್-512 ಅನ್ನುವ ಹೊಸ ಇನ್‌ಸ್ಟ್ರಕ್ಷನ್ ಗುಂಪು ಇದ್ದರೆ ಪ್ಯಾಕೇಜಿಗೂ ಅದು ಬೇಕಾಗುತ್ತದೆ. ಡೆಬಿಯನ್‌ನ ಎಎಂಡಿ64 (ಮಾಮೂಲಿ 64 ಬಿಟ್ ಪಿಸಿ) ಭರವಸೆ ಕೊಡುವುದು ಹಳೆಯ ಎಸ್‌ಎಸ್‌ಇ2 ಗುಂಪಿನವರೆಗೆ ಮಾತ್ರ. ಹಳೆಯ ಲ್ಯಾಪ್‌ಟಾಪ್‌ನವರು ಪ್ಲಗಿನ್ ಲೋಡ್ ಮಾಡಿದ ಕೂಡಲೇ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಅಂತ ಹೋಸ್ಟೇ ಬಿದ್ದುಹೋಗುತ್ತದೆ. ಸೇವ್ ಮಾಡದ ಕೆಲಸವೂ ಅದರ ಜೊತೆ ಹೋಯಿತು. ಅವರು ಬೈಯುವುದು ಹೋಸ್ಟನ್ನು, ಪಾಪ.

ವೇಗ ಕಡಿಮೆ ಆಗುವುದಿಲ್ಲವೇ ಅನ್ನುವುದು ಬರೆದವರ ಪ್ರಶ್ನೆ. ನ್ಯಾಯವಾದ ಪ್ರಶ್ನೆ. ಲಿನಕ್ಸ್‌ನ ಮೂಲ ಸಿ ಲೈಬ್ರರಿಯಾದ ಜಿಲಿಬ್‌ಸಿಯ 2.33ರಿಂದ ಒಂದು ಸೌಕರ್ಯ ಇದೆ: ಒಂದೇ ಲೈಬ್ರರಿಯ ಹಲವು ಬಿಲ್ಡ್‌ಗಳನ್ನು ಬೇರೆ ಬೇರೆ ಪ್ರೊಸೆಸರ್ ಮಟ್ಟದ ಫೋಲ್ಡರ್‌ಗಳಲ್ಲಿ ಇಟ್ಟರೆ ಸರಿಯಾದದ್ದನ್ನು ಲೋಡರ್ ಆರಿಸಿಕೊಳ್ಳುತ್ತದೆ. ಪ್ಲಗಿನ್‌ಗೆ ಇದರಿಂದ ಪ್ರಯೋಜನವಿಲ್ಲ. ಲೋಡರ್ ತಾನು ಹುಡುಕುವ ಲೈಬ್ರರಿಗಳಿಗೆ ಮಾತ್ರ ಹಾಗೆ ಮಾಡುತ್ತದೆ. ಪ್ಲಗಿನ್ ಅನ್ನು ಹೋಸ್ಟ್ ಪೂರ್ತಿ ಪಾತ್ ಕೊಟ್ಟು ತೆರೆಯುತ್ತದೆ. ಉಳಿದದ್ದು ಜಿಸಿಸಿ ಕಂಪೈಲರ್‌ನ ‘ಟಾರ್ಗೆಟ್_ಕ್ಲೋನ್ಸ್’. ಅತಿ ಹೆಚ್ಚು ಓಡುವ ಫಂಕ್ಷನ್‌ಗೆ ಮಾತ್ರ ಹಲವು ರೂಪ ಬಿಲ್ಡ್ ಮಾಡಿ, ಓಡುವಾಗ ಒಂದನ್ನು ಆರಿಸುವ ವ್ಯವಸ್ಥೆ. ಅದನ್ನು ಹಾಕಿ, ತೆಗೆದು, ‘ಎಲ್‌ವಿ2ಬೆಂಚ್’ನಲ್ಲಿ ಅಳೆದೆ. ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ರಿವರ್ಬ್ ಅಂದರೆ ಬಹುಪಾಲು ಡಿಲೇ ಲೈನ್‌ಗಳು, ಒಂದರ ಔಟ್‌ಪುಟ್ ಇನ್ನೊಂದಕ್ಕೆ ಸುತ್ತಿ ಬರುವ ಫೀಡ್‌ಬ್ಯಾಕ್. ಈ ಸ್ಯಾಂಪಲ್ ಮುಗಿಯದೆ ಮುಂದಿನದಕ್ಕೆ ಹೋಗಲಾಗದ ಕಡೆ ಅಗಲವಾದ ರಿಜಿಸ್ಟರ್ ಇದ್ದು ಏನು ಮಾಡುತ್ತದೆ? ಕ್ಲೋನ್ಸ್ ಬಿಟ್ಟೆ. ವೇಗಕ್ಕಾಗಿ ಕೋಡನ್ನು ಇನ್ನಷ್ಟು ಹದ ಮಾಡುವ ‘ಓ3’ ಕೂಡ ಹೋಯಿತು, ಡೆಬಿಯನ್‌ನ ‘ಓ2’ ಸಾಕು. ಜಿಸಿಸಿ 12ರಿಂದ ‘ಓ2’ನಲ್ಲೇ ಒಂದು ಮಟ್ಟದ ವೆಕ್ಟರೈಸೇಷನ್ (ಹಲವು ಲೆಕ್ಕ ಒಟ್ಟಿಗೆ ಮಾಡುವುದು) ಇದೆ.

‘ಫಾಸ್ಟ್-ಮ್ಯಾತ್’ ಅಷ್ಟು ಸುಲಭಕ್ಕೆ ಬಗೆಹರಿಯಲಿಲ್ಲ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಕೋಡಿನಲ್ಲಿ ಒಂದು ಒಳ್ಳೆಯ ಎಚ್ಚರಿಕೆ ಇತ್ತು. ಇನ್‌ಪುಟ್‌ನಲ್ಲಿ ‘ನ್ಯಾನ್’ ಬಂದರೆ, ಅಂದರೆ ಸಂಖ್ಯೆಯೇ ಅಲ್ಲದ ಬೆಲೆ ಬಂದರೆ, ಅದನ್ನು ಸೊನ್ನೆ ಮಾಡಿ ಒಳಗೆ ಬಿಡುವುದು. ರಿವರ್ಬ್‌ಗೆ ಇದು ಅತ್ಯಗತ್ಯ. ನ್ಯಾನ್‌ಗೆ ಏನನ್ನು ಕೂಡಿಸಿದರೂ, ಗುಣಿಸಿದರೂ ನ್ಯಾನ್. ಒಮ್ಮೆ ಫೀಡ್‌ಬ್ಯಾಕ್‌ಗೆ ಹೊಕ್ಕರೆ ಸುತ್ತುತ್ತಲೇ ಇರುತ್ತದೆ, ಪ್ಲಗಿನ್ ತೆಗೆದು ಮತ್ತೆ ಹಾಕುವವರೆಗೆ ಸದ್ದಿಲ್ಲ. ಮುಂದಿನ ಪ್ಲಗಿನ್‌ಗಳಿಗೂ ಅದೇ ಹರಿಯುತ್ತದೆ. ಆದರೆ ‘ಫಾಸ್ಟ್-ಮ್ಯಾತ್’ ಒಳಗೆ ‘ಫೈನೈಟ್-ಮ್ಯಾತ್-ಓನ್ಲಿ’ ಅಡಗಿದೆ. ಈ ಪ್ರೋಗ್ರಾಂನಲ್ಲಿ ನ್ಯಾನ್ ಬರುವುದೇ ಇಲ್ಲ ಅಂತ ಕಂಪೈಲರ್‌ಗೆ ಮಾತು ಕೊಟ್ಟಂತೆ. ಬರುವುದೇ ಇಲ್ಲ ಅಂದಮೇಲೆ ಬಂದಿದೆಯಾ ಅಂತ ನೋಡುವ ‘ಈಸ್‌ನ್ಯಾನ್’ ಯಾಕೆ? ಕಂಪೈಲರ್ ಆ ಸಾಲನ್ನು ಅಳಿಸಿಹಾಕಿತು. ಹುಟ್ಟಿದ ಅಸೆಂಬ್ಲಿ ತೆಗೆದು ನೋಡಿದೆ, ಹೋಲಿಕೆಯ ಇನ್‌ಸ್ಟ್ರಕ್ಷನ್ನೇ ಇಲ್ಲ. ಎಚ್ಚರಿಕೆಯ ಸಾಲು ಸೋರ್ಸಿನಲ್ಲಿ ಮಾತ್ರ ಇತ್ತು, ಬೈನರಿಯಲ್ಲಿ ಎಂದೂ ಇರಲಿಲ್ಲ.

ಸರಿ, ‘ಫಾಸ್ಟ್-ಮ್ಯಾತ್’ ತೆಗೆದೆ. ನಿರಪಾಯದ ಭಾಗಗಳಾದ ‘ನೋ-ಮ್ಯಾತ್-ಎರ್ನೋ’, ‘ನೋ-ಟ್ರ್ಯಾಪಿಂಗ್-ಮ್ಯಾತ್’ ಉಳಿಸಿಕೊಂಡೆ. ನ್ಯಾನ್ ಪರೀಕ್ಷೆ ಪಾಸ್.

ಇನ್ನು ಡಿನಾರ್ಮಲ್. ರಿವರ್ಬ್‌ನ ಬಾಲ ಕರಗುತ್ತ ಹೋಗುತ್ತದೆ. 32 ಬಿಟ್ ಫ್ಲೋಟ್‌ನಲ್ಲಿ ಸರಿಯಾಗಿ ಹಿಡಿಯಬಹುದಾದ ಅತಿ ಸಣ್ಣ ಸಂಖ್ಯೆ ಸುಮಾರು 1.18 × 10⁻³⁸. ಅದಕ್ಕೂ ಕೆಳಗಿನವು ಡಿನಾರ್ಮಲ್‌ಗಳು. ಬಹಳ ಪ್ರೊಸೆಸರ್‌ಗಳಲ್ಲಿ ಅವುಗಳ ಲೆಕ್ಕ ಮಾಮೂಲಿಗಿಂತ ಎಷ್ಟೋ ಪಟ್ಟು ನಿಧಾನ. ಆ ಮಟ್ಟ ಡೆಸಿಬೆಲ್‌ನಲ್ಲಿ -758ರ ಸುತ್ತ. ಸದ್ದು 60 ಡೆಸಿಬೆಲ್ ಇಳಿಯಲು 2 ಸೆಕೆಂಡ್ ತೆಗೆದುಕೊಳ್ಳುವ ರಿವರ್ಬ್ ಆದರೆ, ಅಲ್ಲಿಗೆ ತಲುಪಲು ಸುಮಾರು 25 ಸೆಕೆಂಡ್ ಬೇಕು. ಅಂದರೆ ಹಾಡು ನಿಲ್ಲಿಸಿ ಅರ್ಧ ನಿಮಿಷವಾದ ಮೇಲೆ, ಏನೂ ಕೇಳದೇ ಇರುವಾಗ, ಸಿಪಿಯು ಇದ್ದಕ್ಕಿದ್ದಂತೆ ಮೇಲೇರುತ್ತದೆ. ಬೇಗ ಬೇಗ ಪರೀಕ್ಷೆ ಮಾಡಿ ಮುಗಿಸುವವರಿಗೆ ಇದು ಸಿಗುವುದೇ ಇಲ್ಲ.

ತಮ್ಮ ಯಂತ್ರದಲ್ಲಿ ಹೀಗೆ ಆಗಿಯೇ ಇಲ್ಲ ಅಂದರು ಬರೆದವರು. ಸುಳ್ಳಲ್ಲ. ಹಳೆಯ ಜಿಸಿಸಿಯಲ್ಲಿ ‘ಫಾಸ್ಟ್-ಮ್ಯಾತ್’ ಹಾಕಿ ಶೇರ್ಡ್ ಲೈಬ್ರರಿ ಲಿಂಕ್ ಮಾಡಿದರೆ, ಅದರೊಳಗೆ ಗುಟ್ಟಾಗಿ ಒಂದು ತುಂಡು ಕೋಡು ಸೇರುತ್ತಿತ್ತು. ಲೈಬ್ರರಿ ಲೋಡ್ ಆದ ಕೂಡಲೇ ಆ ತುಂಡು ಓಡಿ, ಡಿನಾರ್ಮಲ್ ಬಂದರೆ ಸೊನ್ನೆ ಮಾಡಿಬಿಡು ಅಂತ ಪ್ರೊಸೆಸರ್‌ನ ರಿಜಿಸ್ಟರ್ ಬದಲಿಸುತ್ತಿತ್ತು. ಪ್ಲಗಿನ್‌ಗೆ ಒಳ್ಳೆಯದೇ ಆಯಿತು. ಆದರೆ ಲೋಡ್ ಮಾಡಿದ ಥ್ರೆಡ್ ಹೋಸ್ಟ್‌ನದ್ದು, ಆಮೇಲೆ ಅದು ಹುಟ್ಟಿಸುವ ಥ್ರೆಡ್‌ಗಳಿಗೂ ಅದೇ ಸ್ಥಿತಿ ದಾಟುತ್ತದೆ. ಒಂದು ಪ್ಲಗಿನ್ ಹಾಕಿದ್ದಕ್ಕೆ ಇಡೀ ಹೋಸ್ಟ್‌ನ ಲೆಕ್ಕದ ನಿಯಮವೇ ಬದಲಾದಂತೆ. ಬಾಡಿಗೆಗೆ ಬಂದವನು ಇಡೀ ಕಟ್ಟಡದ ಫ್ಯೂಸ್ ಬದಲಿಸಿದ ಹಾಗೆ. ಜಿಸಿಸಿ 13ರಲ್ಲಿ ಇದನ್ನು ನಿಲ್ಲಿಸಿದರು. ಡೆಬಿಯನ್ 12ರಲ್ಲಿದ್ದದ್ದು ಜಿಸಿಸಿ 12, ಡೆಬಿಯನ್ 13ರಲ್ಲಿ ಜಿಸಿಸಿ 14. ಬರೆದವರು ಬಳಸುತ್ತಿದ್ದದ್ದು ಹಳೆಯದು. ಹಾಗಾಗಿ ಅವರಿಗೆ ಗೊತ್ತಿಲ್ಲದೇ ಒಂದು ರಕ್ಷಣೆ ಸಿಕ್ಕಿತ್ತು. ಹೊಸ ಜಿಸಿಸಿಯಲ್ಲಿ, ಫ್ಲಾಗ್ ಇದ್ದರೂ ಅದು ಸಿಗುತ್ತಿರಲಿಲ್ಲ.

ಕೆಲವು ಹೋಸ್ಟ್‌ಗಳು ಡಿನಾರ್ಮಲ್ ಕಾಟವನ್ನು ತಾವೇ ನೋಡಿಕೊಳ್ಳುತ್ತವೆ. ಎಲ್ಲವೂ ಹಾಗಿರುತ್ತವೆ ಅಂತ ನಂಬುವಂತಿಲ್ಲ. ಪ್ಲಗಿನ್‌ನ ‘ರನ್’ ಫಂಕ್ಷನ್‌ಗೆ ಒಂದು ಚಿಕ್ಕ ಕಾವಲು ಬರೆದೆ. ಒಳಗೆ ಬರುವಾಗ ರಿಜಿಸ್ಟರ್‌ನ ಹಳೆಯ ಬೆಲೆ ನೆನಪಿಟ್ಟುಕೊಂಡು ಬೇಕಾದ ಬಿಟ್ ಏರಿಸುತ್ತದೆ, ಹೊರಗೆ ಹೋಗುವಾಗ ಹಳೆಯದನ್ನೇ ಮರಳಿ ಇಡುತ್ತದೆ. ಎಕ್ಸ್86ನಲ್ಲಿ (ಇಂಟೆಲ್, ಎಎಂಡಿ ಪ್ರೊಸೆಸರ್‌ಗಳು) ಎಂಎಕ್ಸ್‌ಸಿಎಸ್‌ಆರ್‌ನ 15 ಮತ್ತು 6ನೇ ಬಿಟ್‌ಗಳು, ಆರ್ಮ್64ನಲ್ಲಿ ಎಫ್‌ಪಿಸಿಆರ್‌ನ 24ನೇ ಬಿಟ್. ಪರೀಕ್ಷಿಸಲು, ಎಲ್‌ವಿ2 ಪ್ಲಗಿನ್ ತೆರೆಯುವ ಲಿಲ್ವ್ ಲೈಬ್ರರಿ ಬಳಸಿ ಒಂದು ಪುಟಾಣಿ ಸಿ ಹೋಸ್ಟ್ ಬರೆದೆ. ಒಂದು ಇಂಪಲ್ಸ್ (ಒಂದೇ ಟಕ್ ಸದ್ದು), ಆಮೇಲೆ ಪೂರ್ತಿ ಒಂದು ನಿಮಿಷ ಮೌನ, ಪ್ರತಿ 64 ಫ್ರೇಮ್‌ಗೆ ಎಷ್ಟು ಹೊತ್ತು ಹಿಡಿಯಿತು ಅಂತ ಬರೆದಿಡುವುದು. 48 ಕಿಲೋಹರ್ಟ್ಸ್‌ನಲ್ಲಿ 64 ಫ್ರೇಮ್ ಅಂದರೆ 1.33 ಮಿಲಿಸೆಕೆಂಡ್, ಅಷ್ಟರಲ್ಲಿ ಎಲ್ಲ ಪ್ಲಗಿನ್‌ಗಳ ಕೆಲಸವೂ ಮುಗಿಯಬೇಕು. ಕಾವಲು ಇಲ್ಲದಾಗ ಗ್ರಾಫ್‌ನ ಕೊನೆಯ ಅರ್ಧ ಗೋಡೆಯಂತೆ ಎದ್ದು ನಿಲ್ಲುತ್ತಿತ್ತು. ಈಗ ಮೊದಲಿಂದ ಕೊನೆಯವರೆಗೆ ಸಪಾಟು.

ಟಿಟಿಎಲ್ ಫೈಲುಗಳು

ಎಲ್‌ವಿ2 ಪ್ಲಗಿನ್ ಅಂದರೆ ಒಂದು ಫೋಲ್ಡರ್. ಒಳಗೆ ಬಿಲ್ಡ್ ಆದ ಕೋಡಿರುವ ಒಂದು ‘ಎಸ್‌ಓ’ ಫೈಲು, ಜೊತೆಗೆ ಪ್ಲಗಿನ್‌ನ ಪೋರ್ಟುಗಳೆಷ್ಟು, ಯಾವ ಗುಬ್ಬಿಯ ಮಿತಿ ಎಷ್ಟು ಅಂತ ವಿವರಿಸುವ ಟರ್ಟಲ್ (ಟಿಟಿಎಲ್) ಫೈಲುಗಳು. ಹೋಸ್ಟ್ ಮೊದಲು ಓದುವುದು ಇವನ್ನೇ, ಕೋಡನ್ನು ಮುಟ್ಟುವುದು ಆಮೇಲೆ. ಡಿಪಿಎಫ್‌ನಲ್ಲಿ ಇವನ್ನು ಕೈಯಲ್ಲಿ ಬರೆಯುವುದಿಲ್ಲ. ಬಿಲ್ಡ್ ಆದ ಪ್ಲಗಿನ್ ಅನ್ನು ಒಂದು ಪುಟ್ಟ ಪ್ರೋಗ್ರಾಂ ಲೋಡ್ ಮಾಡಿ, ಅದನ್ನೇ ಕೇಳಿ ಬರೆಸುತ್ತದೆ.

ಇದರಿಂದ ಒಂದು ಚೇಷ್ಟೆಯ ಬಗ್ ಸಿಕ್ಕಿತು. ಪ್ಯಾಕೇಜ್ ಕಟ್ಟುವ ಡೆಬ್‌ಹೆಲ್ಪರ್ ಸಾಧನದ ಮಟ್ಟ 10ರಿಂದ ಬಿಲ್ಡ್‌ಗಳು ತಾನಾಗಿ ಸಮಾಂತರವಾಗಿ ಓಡುತ್ತವೆ. ಈ ಪ್ರಾಜೆಕ್ಟಿನ ಮೇಕ್‌ಫೈಲ್‌ನಲ್ಲಿ ಟಿಟಿಎಲ್ ಬರೆಯುವ ಹಂತ ಪ್ಲಗಿನ್ ಮೇಲೆ ಅವಲಂಬಿಸಿದೆ ಅಂತ ಎಲ್ಲೂ ಹೇಳಿರಲಿಲ್ಲ. ಒಂದೇ ಕೋರ್‌ನಲ್ಲಿ ಸರಿ. ಹಲವು ಕೋರ್ ಇದ್ದರೆ, ಪ್ಲಗಿನ್ ಇನ್ನೂ ಲಿಂಕ್ ಆಗುತ್ತಿರುವಾಗಲೇ ಟಿಟಿಎಲ್ ಹಂತ ಶುರುವಾಗಿ, ಸಿಕ್ಕಿದ್ದನ್ನಷ್ಟೇ ಬರೆದು, ಯಶಸ್ವಿ ಅಂತ ಮುಗಿಸುತ್ತಿತ್ತು. ಪ್ಯಾಕೇಜು ರೆಡಿ, ಒಳಗೆ ಟಿಟಿಎಲ್ ಇಲ್ಲ. ಯಾವ ಹೋಸ್ಟಿಗೂ ಪ್ಲಗಿನ್ ಕಾಣುವುದಿಲ್ಲ, ಎಲ್ಲೂ ಎರರ್ ಇಲ್ಲ. ಮೇಕ್‌ಫೈಲ್‌ಗೆ ಒಂದು ಸಾಲಿನ ಪ್ಯಾಚು ಸಾಕಾಯಿತು. ಪ್ಯಾಕೇಜಿನ ತಪ್ಪು ಹುಡುಕುವ ಲಿಂಟಿಯನ್ ಇಂಥದ್ದನ್ನು ಹಿಡಿಯುವುದಿಲ್ಲ, ಅದಕ್ಕೇ ಪರೀಕ್ಷೆ ಬೇರೆ ಬೇಕು.

ಪಾತ್ ವಿಷಯ ಬೇಗ ಮುಗಿಸುತ್ತೇನೆ. ಡೆಬಿಯನ್‌ನಲ್ಲಿ ಎಲ್‌ವಿ2 ಫೋಲ್ಡರ್‌ಗಳು ‘ಯುಎಸ್‌ಆರ್/ಲಿಬ್/ಎಲ್‌ವಿ2’ ಒಳಗೆ. ಫೆಡೋರಾದಲ್ಲಿ ‘ಲಿಬ್64’. ಎಲ್ಲಿ ಇನ್‌ಸ್ಟಾಲ್ ಮಾಡಬೇಕು ಅಂತ ಹೇಳುವ ಪ್ರಿಫಿಕ್ಸ್ ಮತ್ತು ಡೆಸ್ಟ್‌ಡಿರ್ ಎರಡರ ಮಾತನ್ನೂ ಮೇಕ್‌ಫೈಲ್ ಕೇಳುತ್ತಿತ್ತು, ಇದೊಂದು ಪುಣ್ಯ.

ಡಿಪೆಂಡೆನ್ಸಿ

ಪ್ಯಾಕೇಜು ಯಾವ ಲೈಬ್ರರಿಗಳ ಮೇಲೆ ನಿಂತಿದೆ ಅಂತ ‘ಡಿಪಿಕೆಜಿ-ಶ್‌ಲಿಬ್‌ಡೆಪ್ಸ್’ ತಾನೇ ಕಂಡುಹಿಡಿಯುತ್ತದೆ. ಬೈನರಿಯ ತಲೆಬರಹದಲ್ಲಿ ಬೇಕಾದ ಲೈಬ್ರರಿಗಳ ಪಟ್ಟಿ ಇರುತ್ತದೆ, ಅದನ್ನು ಓದಿ ಪ್ಯಾಕೇಜ್ ಹೆಸರಿಗೆ ಬದಲಿಸುತ್ತದೆ. ಜ್ಯಾಕ್‌ಗೆ ಲಿಂಕ್ ಆದ ಪ್ರೋಗ್ರಾಂಗಳಿಗೆ ಇದು ಒಂದು ಆಯ್ಕೆಯನ್ನೇ ಬರೆಯುತ್ತದೆ: ‘ಲಿಬ್‌ಜ್ಯಾಕ್-ಜ್ಯಾಕ್‌ಡಿ2-0’ ಇಲ್ಲವೇ ‘ಲಿಬ್‌ಜ್ಯಾಕ್-0.125’. ಜ್ಯಾಕ್‌ನ ಎರಡು ರೂಪಗಳಾದ ಜ್ಯಾಕ್1, ಜ್ಯಾಕ್2 ಒಂದೇ ಲೈಬ್ರರಿ ಹೆಸರಿನಲ್ಲಿ ಬರುವುದರಿಂದ ಈ ಏರ್ಪಾಡು.

ನಮ್ಮ ಬಿಡಿ ಪ್ರೋಗ್ರಾಂನ ಪಟ್ಟಿಯಲ್ಲಿ ಜ್ಯಾಕ್ ಸುಳಿವೇ ಇರಲಿಲ್ಲ. ಡಿಪಿಎಫ್ ಜ್ಯಾಕ್‌ಗೆ ಲಿಂಕ್ ಆಗುವುದಿಲ್ಲ, ಓಡುವಾಗ ‘ಡಿಎಲ್‌ಓಪನ್’ ಮಾಡಿ ತೆರೆಯುತ್ತದೆ. ತಲೆಬರಹದಲ್ಲಿ ಹೆಸರಿಲ್ಲ ಅಂದಮೇಲೆ ಶ್‌ಲಿಬ್‌ಡೆಪ್ಸ್‌ಗೆ ಕಾಣುವುದಾದರೂ ಹೇಗೆ? ನನ್ನ ಯಂತ್ರದಲ್ಲಿ ಜ್ಯಾಕ್ ಇದ್ದೇ ಇದೆ, ತೊಂದರೆ ಕಾಣುವುದಿಲ್ಲ. ಖಾಲಿ ಯಂತ್ರದಲ್ಲಿ ಹಾಕಿದರೆ ಪ್ರೋಗ್ರಾಂ ಓಡುವುದಿಲ್ಲ. ಹಾಗಾಗಿ ಬಿಡಿ ಪ್ರೋಗ್ರಾಂ ಅನ್ನು ಬೇರೆ ಪ್ಯಾಕೇಜ್ ಮಾಡಿ, ಜ್ಯಾಕ್ ಡಿಪೆಂಡೆನ್ಸಿಯನ್ನು ಕೈಯಲ್ಲೇ ಬರೆದೆ. ಎಲ್‌ವಿ2 ಪ್ಯಾಕೇಜಿಗೆ ಅದು ಬೇಕಿಲ್ಲ. ಜ್ಯಾಕ್ ಬದಲು ಪೈಪ್‌ವೈರ್ ಅನ್ನುವ ಹೊಸ ಆಡಿಯೋ ಸರ್ವರ್ ಬಳಸುವವರು ‘ಪಿಡಬ್ಲ್ಯು-ಜ್ಯಾಕ್’ ಮೂಲಕ ಓಡಿಸಿದರೆ ಪೈಪ್‌ವೈರ್‌ನದೇ ಜ್ಯಾಕ್ ಲೈಬ್ರರಿ ಸಿಗುತ್ತದೆ, ಡಿಎಲ್‌ಓಪನ್ ಆದ್ದರಿಂದ ಏನೂ ಬದಲಿಸಬೇಕಿಲ್ಲ. ಅದನ್ನೂ ಓಡಿಸಿ ನೋಡಿದೆ.

ಜೊತೆಗೆ ‘ಎನ್‌ಎಂ’ ಓಡಿಸಿ ಎಸ್‌ಓ ಫೈಲಿನಿಂದ ಯಾವ ಯಾವ ಸಿಂಬಲ್ (ಫಂಕ್ಷನ್‌ಗಳಂಥವುಗಳ ಹೆಸರು) ಹೊರಗೆ ಕಾಣುತ್ತಿದೆ ಅಂತ ನೋಡುವುದು ಒಳ್ಳೆಯ ಅಭ್ಯಾಸ. ಎಲ್‌ವಿ2 ಪ್ಲಗಿನ್‌ಗೆ ಹೊರಗೆ ಕಾಣಬೇಕಾದ್ದು ಡಿಸ್ಕ್ರಿಪ್ಟರ್ ಫಂಕ್ಷನ್ ಮಾತ್ರ. ಒಂದೇ ಹೋಸ್ಟಿನೊಳಗೆ ಡಿಪಿಎಫ್‌ನ ಬೇರೆ ಬೇರೆ ಆವೃತ್ತಿಗಳ ಪ್ಲಗಿನ್‌ಗಳು ಕೂತಾಗ, ಒಂದರ ಸಿಂಬಲ್ ಇನ್ನೊಂದಕ್ಕೆ ತಗುಲಿಕೊಂಡರೆ ಆ ಬಗ್ ಹುಡುಕುವುದು ಯಾರಿಗೂ ಬೇಡ.

ಉಳಿದ ಆರ್ಕಿಟೆಕ್ಚರ್‌ಗಳು

‘ಎಸ್‌ಬಿಲ್ಡ್’ ಕೊಡುವ ಖಾಲಿ ವಾತಾವರಣದಲ್ಲಿ ಬಿಲ್ಡ್ ಮಾಡಿದಾಗ, ವಿಂಡೋಗೆ ಬೇಕಾದ ಎಕ್ಸ್11, ಜಿಎಲ್ ಡೆವಲಪ್‌ಮೆಂಟ್ ಪ್ಯಾಕೇಜುಗಳು ಪಟ್ಟಿಯಲ್ಲಿಲ್ಲ ಅಂತ ಗೊತ್ತಾಯಿತು. ಸೇರಿಸಿದೆ. ಆಮೇಲೆ ಬೇರೆ ಪ್ರೊಸೆಸರ್ ಬಗೆಗಳು, ಮೊದಲು ಆರ್ಮ್64. ‘ಎಂಎಸ್‌ಎಸ್‌ಇ2’ ಅನ್ನುವ ಫ್ಲಾಗ್ ಗೊತ್ತಿಲ್ಲ ಅಂತ ಜಿಸಿಸಿ ಮೊದಲ ಫೈಲಿಗೇ ನಿಂತಿತು. ಒಂದು ಹೆಡರ್ ಫೈಲನ್ನೂ ಷರತ್ತಿನೊಳಗೆ ಹಾಕಬೇಕಾಯಿತು.

ಎಸ್390ಎಕ್ಸ್ ತಮಾಷೆಯಾಗಿತ್ತು. ಅದು ಮೇನ್‌ಫ್ರೇಮ್ ಆರ್ಕಿಟೆಕ್ಚರ್, ಬಿಗ್-ಎಂಡಿಯನ್, ಅಂದರೆ ಸಂಖ್ಯೆಯ ದೊಡ್ಡ ಬೈಟ್ ಮೊದಲು. ಮೇನ್‌ಫ್ರೇಮ್ ಮೇಲೆ ರಿವರ್ಬ್ ಯಾರಿಗೆ ಬೇಕು? ಯಾರಿಗೂ ಬೇಡ. ಆದರೂ ಅಲ್ಲಿ ಬಿಲ್ಡ್ ಆಗಲಿ ಅಂತ ಬಿಟ್ಟೆ, ಪರೀಕ್ಷೆ ಅಲ್ಲೇ ಬಿತ್ತು. ಬಳಕೆದಾರರು ಕೊಡುವ ವೇವ್ ಫೈಲಿನ ತಲೆಬರಹವನ್ನು ಬರೆದವರು ನೇರವಾಗಿ ಮೆಮೊರಿಗೆ ಸುರಿದು ಓದುತ್ತಿದ್ದರು. ವೇವ್ ಇದಕ್ಕೆ ಉಲ್ಟಾ, ಲಿಟಲ್-ಎಂಡಿಯನ್, ಹಾಗಾಗಿ ಬೈಟ್‌ಗಳು ತಿರುವುಮುರುವು. ಆ ಕೋಡನ್ನು ನೋಡುತ್ತ ಹೋದಂತೆ ಇನ್ನೊಂದು ಕಂಡಿತು. ಫೈಲು ಹೇಳಿಕೊಂಡ ಉದ್ದವನ್ನೇ ನಂಬಿ ಮೆಮೊರಿ ಕೇಳುತ್ತಿದ್ದರು, ಮುರಿದ ಫೈಲು ಕೊಟ್ಟರೆ ಎಲ್ಲ ಯಂತ್ರದಲ್ಲೂ ಹೋಸ್ಟ್ ಬೀಳುತ್ತದೆ. ಇಡೀ ಫಂಕ್ಷನ್ ಕಿತ್ತು, ಸದ್ದಿನ ಫೈಲು ಓದುವ ‘ಲಿಬ್‌ಸೌಂಡ್‌ಫೈಲ್’ ಲೈಬ್ರರಿ ಹಾಕಿದೆ. ಯಾರಿಗೂ ಬೇಡದ ಆರ್ಕಿಟೆಕ್ಚರ್ ಎಲ್ಲರಿಗೂ ಬೇಕಾದ ಬಗ್ ತೋರಿಸಿತು.

ಹಳೆಯ 32 ಬಿಟ್ ಐ386ನಲ್ಲಿ ಪರೀಕ್ಷೆ ಕೂದಲೆಳೆಯಷ್ಟರಲ್ಲಿ ಸೋತಿತು. ಬರೆದವರ ಪರೀಕ್ಷೆ ಔಟ್‌ಪುಟ್ ಅನ್ನು ಬೈಟ್‌ಗೆ ಬೈಟ್ ಹೋಲಿಸುತ್ತದೆ. ಅಲ್ಲಿ ಲೆಕ್ಕ ನಡೆಯುವುದು ಎಕ್ಸ್87 ಅನ್ನುವ ಹಳೆಯ ಲೆಕ್ಕದ ಘಟಕದಲ್ಲಿ, ಮಧ್ಯದ ಬೆಲೆಗಳು ಜಾಸ್ತಿ ಬಿಟ್‌ಗಳಲ್ಲಿ ಇರುತ್ತವೆ. ಎರಡರ ವ್ಯತ್ಯಾಸ -100 ಡೆಸಿಬೆಲ್‌ಗಿಂತ ಕೆಳಗಿದ್ದರೆ ಪಾಸ್ ಅಂತ ಬದಲಿಸಿದೆ.

ಪರೀಕ್ಷೆ ಮತ್ತು ಅಪ್‌ಲೋಡ್

‘ಆಟೋಪಿಕೆಜಿಟೆಸ್ಟ್’ ಅಂದರೆ ಬಿಲ್ಡ್ ಮುಗಿದು ಪ್ಯಾಕೇಜು ಇನ್‌ಸ್ಟಾಲ್ ಆದ ಮೇಲೆ ಓಡುವ ಪರೀಕ್ಷೆ. ಮೂರು ಬರೆದೆ. ಒಂದು, ‘ಎಲ್‌ವಿ2ಎಲ್‌ಎಸ್’ ಪಟ್ಟಿಯಲ್ಲಿ ಪ್ಲಗಿನ್ ಇದೆಯೇ. ಟಿಟಿಎಲ್ ಬಗ್ ಮತ್ತೆ ಬಂದರೆ ಇಲ್ಲೇ ಸಿಗುತ್ತದೆ. ಎರಡು, ‘ಎಲ್‌ವಿ2ಅಪ್ಲೈ’ ಮೂಲಕ ಒಂದು ವೇವ್ ಫೈಲು ಹಾಯಿಸಿ ಔಟ್‌ಪುಟ್ ನೋಡುವುದು. ಬರೀ ಸೊನ್ನೆ ಆಗಿರಬಾರದು, ನ್ಯಾನ್ ಇರಬಾರದು. ಮೂರು, ಬಿಡಿ ಪ್ರೋಗ್ರಾಂ. ಸರ್ವರ್‌ನಲ್ಲಿ ಸೌಂಡ್ ಕಾರ್ಡ್ ಇಲ್ಲ, ಹಾಗಾಗಿ ಜ್ಯಾಕ್ ಅನ್ನು ‘ಡಮ್ಮಿ’ ಡ್ರೈವರ್‌ನಲ್ಲಿ ಓಡಿಸಿ, ನಿಜವಾದ ಪರದೆ ಇಲ್ಲದೆಯೂ ವಿಂಡೋ ತೆರೆಯಬಲ್ಲ ಎಕ್ಸ್‌ವಿಎಫ್‌ಬಿ ಮೇಲೆ ಪ್ರೋಗ್ರಾಂ ಎಬ್ಬಿಸಿ, ಪೋರ್ಟುಗಳು ಕಾಣುತ್ತವೆಯೇ ಅಂತ ನೋಡುತ್ತದೆ.

ಒಂದೇ ಸೋರ್ಸನ್ನು ಬೇರೆ ಬೇರೆ ಸ್ಥಿತಿಯಲ್ಲಿ ಎರಡು ಸಲ ಬಿಲ್ಡ್ ಮಾಡಿ ಹೋಲಿಸುವ ‘ರೆಪ್ರೋಟೆಸ್ಟ್’ ಕೂಡ ಓಡಿಸಿದೆ. ‘ಅಬೌಟ್’ ಬಾಕ್ಸ್‌ನಲ್ಲಿ ಬಿಲ್ಡ್ ಆದ ದಿನಾಂಕ ಇತ್ತು. ಜಿಸಿಸಿ 7ರಿಂದ ಆ ದಿನಾಂಕವನ್ನು ‘ಸೋರ್ಸ್_ಡೇಟ್_ಇಪಾಕ್’ ಅನ್ನುವ, ಹೊರಗಿನಿಂದ ಕೊಟ್ಟ ಬೆಲೆಯಿಂದಲೇ ತೆಗೆದುಕೊಳ್ಳುವುದರಿಂದ ಎರಡೂ ಬಿಲ್ಡ್ ಒಂದೇ ಬಂದವು. ಹಾಗಾಗಿ ಪ್ಲಗಿನ್ ತೋರಿಸುವುದು ಚೇಂಜ್‌ಲಾಗ್ ಬರೆದ ದಿನವನ್ನು. ಇರಲಿ ಬಿಡಿ.

ಆಮೇಲಿನದ್ದು ಮಾಮೂಲಿ ದಾರಿ. ಪ್ಯಾಕೇಜ್ ಮಾಡುತ್ತೇನೆ ಅಂತ ಮೊದಲೇ ಐಟಿಪಿ ಬಗ್ ತೆರೆದಿದ್ದೆ. ಡೆಬಿಯನ್‌ನ ಗಿಟ್ ತಾಣವಾದ ಸಾಲ್ಸಾದಲ್ಲಿ ಮಲ್ಟಿಮೀಡಿಯಾ ತಂಡದ ಜಾಗದಲ್ಲಿ ರೆಪೊ, ಅಪ್‌ಲೋಡ್ ಹಕ್ಕಿರುವ ಒಬ್ಬ ಸ್ಪಾನ್ಸರ್ ನೋಡಿ ಅಪ್‌ಲೋಡ್ ಮಾಡಿದರು. ಹೊಸ ಪ್ಯಾಕೇಜುಗಳ ಸರದಿಯಲ್ಲಿ ಕಾಯಬೇಕು, ಅಲ್ಲಿ ಮನುಷ್ಯರೇ ಲೈಸೆನ್ಸ್ ಓದುತ್ತಾರೆ. ಅಲ್ಲಿಂದ ಬಂದ ಒಂದೇ ಪ್ರಶ್ನೆ ಫೌಸ್ಟ್ ಲೈಬ್ರರಿಯ ಬಗ್ಗೆ, ಉತ್ತರ ಕಾಪಿರೈಟ್ ಫೈಲಿನಲ್ಲೇ ಇತ್ತು. ಸರದಿ ದಾಟಿದ ಮೇಲೆ ಇನ್ನೊಂದು ಅಪ್‌ಲೋಡ್ ಬೇಕು, ಈ ಸಲ ಬರೀ ಸೋರ್ಸ್. ಬಿಲ್ಡ್ ಸರ್ವರ್‌ಗಳೇ ಕಟ್ಟಿದ ಬೈನರಿ ಇದ್ದರೆ ಮಾತ್ರ, ಮುಂದಿನ ಬಿಡುಗಡೆ ತಯಾರಾಗುವ ಟೆಸ್ಟಿಂಗ್‌ಗೆ ದಾಟಲು ಬಿಡುತ್ತಾರೆ.

ಪ್ಯಾಚುಗಳೆಲ್ಲ ಬರೆದವರಿಗೆ ಹೋಗಿವೆ. ನ್ಯಾನ್, ಡಿನಾರ್ಮಲ್, ವೇವ್ ಓದುವ ಕೋಡು, ಮೇಕ್‌ಫೈಲ್ ಸಾಲು ಇವನ್ನು ತೆಗೆದುಕೊಂಡಿದ್ದಾರೆ. ‘ಮಾರ್ಚ್=ನೇಟಿವ್’ ಬಿಡಲು ಮನಸ್ಸಿಲ್ಲ. ಬದಲಿಗೆ, ಸಿಎಫ್‌ಲಾಗ್ಸ್ (ಕಂಪೈಲರ್ ಫ್ಲಾಗ್‌ಗಳು) ಹೊರಗಿನಿಂದ ಬಂದರೆ ತಮ್ಮದನ್ನು ಹಾಕುವುದಿಲ್ಲ ಅಂತ ಒಪ್ಪಿದರು. ನನಗೆ ಅಷ್ಟು ಸಾಕು.

ಬಾಕಿ ಇರುವುದು ಕ್ರಾಸ್ ಬಿಲ್ಡ್. ಎಎಂಡಿ64 ಮೇಲೆ ಕೂತು ಆರ್ಮ್64ಗೆ ಬಿಲ್ಡ್ ಮಾಡಿದರೆ, ಟಿಟಿಎಲ್ ಬರೆಯುವ ಪ್ರೋಗ್ರಾಂ ಆರ್ಮ್ ಪ್ಲಗಿನ್ ಅನ್ನು ಲೋಡ್ ಮಾಡಲಾಗದೆ ನಿಲ್ಲುತ್ತದೆ. ಬೇರೆ ಪ್ರೊಸೆಸರ್ ಅನ್ನು ಅನುಕರಿಸುವ ಕ್ಯೂಇಎಂಯು ಬಳಸಿ ಓಡಿಸುವುದು ಒಂದು ದಾರಿ. ಟಿಟಿಎಲ್ ಅನ್ನು ಒಮ್ಮೆ ಬರೆಸಿ ರೆಪೊದಲ್ಲೇ ಇಟ್ಟು, ನೇಟಿವ್ ಬಿಲ್ಡ್ ಆದಾಗಲೆಲ್ಲ ಹೋಲಿಸಿ ನೋಡುವುದು ಇನ್ನೊಂದು. ನನಗೆ ಎರಡನೆಯದೇ ಹಿಡಿಸಿದೆ, ಮುಂದಿನ ಆವೃತ್ತಿಗೆ ಅದನ್ನೇ ಹಾಕಿ ನೋಡುತ್ತೇನೆ.